ದೀಪ ಹುಡುಕಿದ ನನ್ನ ತಮ್ಮ ಥೆಮೆಲಿಸ್

ನನ್ನ ತಮ್ಮ ಥೆಮೆಲಿಸ್ ಪ್ರವಾಸಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಅಕ್ಕಪಕ್ಕದ ದ್ವೀಪಗಳಿಗೆ ಕರೆದುಕೊಂಡು ಹೋಗಿ ಸಂಜೆಗೆ ವಾಪಸ್ ತಂದುಬಿಡುವ ಕೆಲಸ ಶುರು ಮಾಡಿದ್ದು ಸಂಪಾದನೆಗಲ್ಲ. ಈಗ ನಮ್ಮ ದ್ವೀಪ ಲಿಪ್ಸಿಯ ಧಕ್ಕೆಯಲ್ಲಿ ಅಂಥ ದೋಣಿಗಳು ಸಾಲಾಗಿ ನಿಂತಿರುತ್ತವೆ. ಒಂದೊಂದಕ್ಕೂ ಬಣ್ಣದ ಬೋರ್ಡು, ಬಿಸಿಲಿಗೆ ಬಟ್ಟೆಯ ಚಪ್ಪರ. ಆ ಹುಡುಗರು ನನ್ನನ್ನು ಕಂಡರೆ, "ನಿನ್ನ ತಮ್ಮ ಬುದ್ಧಿವಂತ ಬಿಡಜ್ಜಿ, ನಮಗಿಂತ ಮೊದಲೇ ದಾರಿ ಕಂಡಿದ್ದ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ದಾರಿ ಕಂಡವನ ಕಥೆ ಅದಲ್ಲ. ಆರು ವರ್ಷ ದಾರಿ ಕಾಣದೆ ಸುತ್ತಿದವನ ಕಥೆ.

ಥೆಮೆಲಿಸ್ ಮೀನುಗಾರ. ಮಾತು ಕಡಿಮೆ. ಏನು ಕೇಳಿದರೂ ಎಡಗಿವಿ ತುರಿಸಿಕೊಂಡು "ನೋಡೋಣ" ಅನ್ನುವವನು. ಇಂಜಿನ್ ಜೊತೆ ಮಾತ್ರ ಚೆನ್ನಾಗಿ ಮಾತಾಡುತ್ತಿದ್ದ, ಹೆಂಡತಿಗೆ ಹೇಳದ್ದನ್ನೂ ಅದಕ್ಕೆ ಹೇಳುತ್ತಿದ್ದ. ಹಗ್ಗಕ್ಕೆ ಒಂದು ಗಂಟು ಸಾಕಾದ ಕಡೆ ಎರಡು ಹಾಕುತ್ತಿದ್ದ. ಸುಳ್ಳು ಹೇಳಲು ಬರುತ್ತಿರಲಿಲ್ಲ. ಬೇರೆಯವರು ಕೈಯಗಲ ಮೀನನ್ನು ಮೊಳದುದ್ದ ಮಾಡಿ ಹೇಳುತ್ತಿದ್ದರೆ ಇವನು ಮೊಳದುದ್ದದ್ದನ್ನೂ "ಇತ್ತು, ಸುಮಾರಾಗಿತ್ತು" ಅಂದು ಬಿಡುತ್ತಿದ್ದ.

ಅವನ ಹೆಂಡತಿ ಅನೆಜೀನಾಗೆ ಚೊಚ್ಚಲ ಹೆರಿಗೆ. ಸಾವಿರದ ಒಂಬೈನೂರ ಎಪ್ಪತ್ತೊಂದು, ಫೆಬ್ರುವರಿ, ಸಂತ ಹರಾಲಾಂಬೊಸ್ ಹಬ್ಬದ ಹಿಂದಿನ ದಿನ. ಬೆಳಗಿನಿಂದ ನೋವು, ಮಗು ಮಾತ್ರ ಬರಲೊಲ್ಲದು. ಮಧ್ಯಾಹ್ನ ಅವಳನ್ನು ಕಂಬಳಿಯಲ್ಲಿ ಸುತ್ತಿ ದೋಣಿಯಲ್ಲಿ ಮಲಗಿಸಿ ಲೆರೊಸ್ ದ್ವೀಪದ ಆಸ್ಪತ್ರೆಗೆ ಅಂತ ಹೊರಟೆವು. ನಾವು ಮೂವರೇ. ನನ್ನ ಗಂಡ ತೀರಿಕೊಂಡು ಆಗ ಎರಡು ವರ್ಷ, ಮನೆಯಲ್ಲಿ ನನಗಾಗಿ ಕಾಯುವವರು ಯಾರೂ ಇರಲಿಲ್ಲ, ನಾನೇ ಹೋದೆ. ಅರ್ಧ ದಾರಿಗೆ ತೆಂಕಣ ಗಾಳಿ ಎದ್ದಿತು. ಆ ಗಾಳಿ ಬಂದರೆ ಆಕಾಶ ಕೆಳಗಿಳಿದು ನೀರಿಗೆ ಕೂತುಬಿಡುತ್ತದೆ, ಮೂಗಿನ ಮುಂದಿನದು ಕಾಣುವುದಿಲ್ಲ. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಥೆಮೆಲಿಸ್ ಅದಕ್ಕೆ ಬೈದ, ಬೇಡಿಕೊಂಡ, ಮುದ್ದು ಮಾಡಿದ. ಏಳಲಿಲ್ಲ. ಗಾಳಿ ನಮ್ಮನ್ನು ಬಂದ ದಾರಿಗೇ ತಿರುಗಿಸಿ, ನಮ್ಮೂರನ್ನೂ ದಾಟಿಸಿ, ಬಡಗಣ ದಿಕ್ಕಿಗೆ ತಳ್ಳಿಕೊಂಡು ಹೋಯಿತು. ಆ ಕಡೆ ಅರ್ಕಿ, ಮರಾಥಿ, ಅವುಗಳ ಸುತ್ತ ಮರಿ ಹಾಕಿದ ಹಾಗೆ ಹತ್ತಾರು ನಡುಗಡ್ಡೆ.

ಮುಸ್ಸಂಜೆಗೆ ಮಗು ಬಂತು, ನನ್ನ ಕೈಗೇ. ಉಸಿರಿಲ್ಲ. ನೀಲಿ. ಅನೆಜೀನಾ "ಸತ್ತೆ, ಸತ್ತೆ" ಅನ್ನುತ್ತಿದ್ದಳು. ಆಗ ಥೆಮೆಲಿಸ್ ಚುಕ್ಕಾಣಿ ಹಿಡಿದು ನಿಂತಲ್ಲಿಂದ ಕೂಗಿದ: "ದೀಪ! ಅಗೋ ದೀಪ ಕಾಣ್ತಿದೆ, ದಡ ಹತ್ತಿರ ಇದೆ!" ನಾನು ತಲೆ ಎತ್ತಿದೆ. ಒಂದು ದೀಪ ಇತ್ತು. ಕಂಡಿತು, ಆರಿತು, ಮತ್ತೆ ಹತ್ತಿತು. ಅನೆಜೀನಾ ಗಂಟಲು ಹರಿಯುವ ಹಾಗೆ ಅರಚಿದಳು: "ಆ ದೀಪ ಯಾರದೋ ಅವರ ಹೆಸರೇ ಇಡ್ತೀನಿ! ಅವರ ಬಾಗಿಲಲ್ಲೇ ಜ್ಞಾನಸ್ನಾನ ಮಾಡಿಸ್ತೀನಿ! ಇದನ್ನು ಉಳಿಸು!"

ಮಗು ಅತ್ತಿತು.

ಮಾರನೇ ಬೆಳಿಗ್ಗೆ ಅರ್ಕಿಯ ಮೀನುಗಾರರು ನಮ್ಮನ್ನು ಕಟ್ಟಿ ಎಳೆದುಕೊಂಡು ಹೋದರು. ತಾಯಿ ಮಗು ಇಬ್ಬರೂ ಉಳಿದರು. ಆದರೆ ರಾತ್ರಿಯೆಲ್ಲ ತೇಲಿದ್ದೆವಲ್ಲ, ಆ ದೀಪ ಯಾವ ದ್ವೀಪದ್ದು, ಯಾವ ಗುಡ್ಡದ್ದು, ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸಮುದ್ರದಿಂದ ಕಾಣುವ ಒಂಟಿ ದೀಪ ಅಂದರೆ ಇಗರ್ಜಿಯದು ಅಂತಲೇ ನಮ್ಮ ಲೆಕ್ಕ. ಈ ಕಡೆಯ ಪ್ರತಿ ಗುಡ್ಡದ ಮೇಲೂ ನಾಲ್ಕು ಜನ ನಿಂತರೆ ತುಂಬುವ ಒಂದು ಇಗರ್ಜಿ ಇರುತ್ತದೆ, ಯಾರೋ ಹರಕೆಗೆ ಕಟ್ಟಿಸಿದ್ದು. ಒಂದು ದೇವಮಾತೆಯದು, ಒಂದು ಸಂತ ಮರೀನಾಳದು, ಇನ್ನೊಂದು ಸಂತ ಪೆಲಾಗಿಯಾಳದು. ದೇವಮಾತೆಯ ದೀಪವಾದರೆ ಮಗು ಮರಿಯಾ. ಮರೀನಾಳದಾದರೆ ಮರೀನಾ. ಎಂಟು ದಿನ ಬಿಟ್ಟು ಪಾದ್ರಿ ನಿಕೀತಾಸ್ ಮನೆಗೆ ಬಂದರು.

"ಯಾವುದಾದರೂ ಒಂದು ಇಡಮ್ಮ," ಅಂದರು. "ದೇವರಿಗೆ ಎಲ್ಲಾ ದೀಪವೂ ಒಂದೇ."

"ದೇವರಿಗೆ ಒಂದೇ ಇರಬಹುದು ಪಾದ್ರಿಗಳೇ," ಅಂದಳು ಅನೆಜೀನಾ. "ಮಾತು ಕೊಟ್ಟಿದ್ದು ಒಂದು ದೀಪಕ್ಕೆ. ಆ ದೀಪದವಳ ಮಗುನ ಇನ್ನೊಬ್ಬಳ ಹೆಸರಲ್ಲಿ ಕರೆದರೆ ಅವಳು ವಾಪಸ್ ಕೇಳಲ್ವ?"

ಪಾದ್ರಿಗಳು ಕಾಫಿ ಕುಡಿದು ಹೋದರು.

ಜ್ಞಾನಸ್ನಾನ ಆಗದೆ ನಮ್ಮಲ್ಲಿ ಮಗುವಿಗೆ ಹೆಸರಿಲ್ಲ. ಅಲ್ಲಿಯವರೆಗೆ ಎಲ್ಲವೂ ಪಾಪುವೇ. ಕೆಲವರು ಆರು ತಿಂಗಳು ಪಾಪು, ಕೆಲವರು ಒಂದು ವರ್ಷ. ನಮ್ಮದು ನಡೆಯಿತು, ಮಾತಾಡಿತು, ಹಲ್ಲು ಬಂದವು, ಇನ್ನೂ ಪಾಪು.

ಇದರಲ್ಲಿ ಎಲ್ಲರಿಗಿಂತ ಕುದಿದವಳು ಅನೆಜೀನಾಳ ತಾಯಿ ಫೊತಿನಿ. ನಮ್ಮ ದ್ವೀಪಗಳಲ್ಲಿ ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರು. ಅದನ್ನು ಯಾರೂ ಕೇಳುವುದಿಲ್ಲ, ಹೇಳುವುದಿಲ್ಲ, ಇಡುತ್ತಾರೆ ಅಷ್ಟೆ. ಫೊತಿನಿ ಮಗು ಹುಟ್ಟುವ ಮೊದಲೇ ತೊಟ್ಟಿಲ ಹೊದಿಕೆಗೆ ತನ್ನ ಹೆಸರಿನ ಮೊದಲ ಅಕ್ಷರ ಕಸೂತಿ ಹಾಕಿ ಮುಗಿಸಿದ್ದಳು.

"ಅಳಿಯಂದ್ರೇ," ಅನ್ನುತ್ತಿದ್ದಳು ಬಾಗಿಲಲ್ಲಿ ನಿಂತು, "ಇನ್ನೂ ಸಿಕ್ಕಿಲ್ವಾ ನಿಮ್ಮ ದೀಪ? ನಾನು ಸತ್ತ ಮೇಲೆ ಸಿಗುತ್ತೆ ಅಂತ ಕಾಣುತ್ತೆ."

"ನೋಡೋಣ ಅತ್ತೆ."

"ಏನ್ ನೋಡೋದು? ಅವತ್ತು ಹರಾಲಾಂಬೊಸ್ ಹಬ್ಬದ ಹಿಂದಿನ ದಿನ. ದೀಪ ಅವನದೇ ಇರಬೇಕು. ಹರಾಲಾಂಬಿಯಾ ಅಂತ ಇಡಿ. ಆ ಹೆಸರು ಕೇಳಿ ಯಾರೂ ಮದುವೆ ಆಗಲ್ಲ, ನಿಮಗೂ ಖರ್ಚು ಉಳೀತು!"

ಥೆಮೆಲಿಸ್ ಕಿವಿ ತುರಿಸಿಕೊಂಡು ದೋಣಿಗೆ ಹೋಗುತ್ತಿದ್ದ.

ಅವನು ಮಾಡಿದ್ದು ಇಷ್ಟು. ಆ ವರ್ಷವೇ ಸಮುದ್ರ ಶಾಂತವಾದ ಮೇಲೆ ಪ್ರತಿ ಭಾನುವಾರ ಪೂಜೆ ಮುಗಿದದ್ದೇ ಅನೆಜೀನಾಳನ್ನೂ ನನ್ನನ್ನೂ ಪಾಪುವನ್ನೂ ದೋಣಿಗೆ ಹತ್ತಿಸಿಕೊಂಡು ಹೊರಡುತ್ತಿದ್ದ. ಬುತ್ತಿಗೆ ರೊಟ್ಟಿ, ಆಲಿವ್, ಸುಟ್ಟ ಆಕ್ಟೋಪಸ್. ಒಂದು ಭಾನುವಾರಕ್ಕೆ ಒಂದು ಇಗರ್ಜಿ, ಇಲ್ಲ ಎರಡು. ದಡ ಹತ್ತಿ, ಗುಡ್ಡ ಹತ್ತಿ, ಬಾಗಿಲು ತೆಗೆದು, ದೀಪ ಹಚ್ಚಿಟ್ಟು, ಮತ್ತೆ ಕೆಳಗಿಳಿದು ದೋಣಿಯನ್ನು ನೀರಿಗೆ ತೆಗೆದುಕೊಂಡು ಹೋಗಿ ದೂರದಿಂದ ನೋಡುವುದು. ಹಗಲು ಬೆಳಕಲ್ಲಿ ದೀಪ ಎಲ್ಲಿ ಕಾಣಬೇಕು? ಆದರೂ ನೋಡುವುದು.

"ನನಗೆ ಕಂಡದ್ದು ಕೆಂಪು ಕಿಟಕಿ," ಅನ್ನುತ್ತಿದ್ದಳು ಅನೆಜೀನಾ. "ಕೆಳಗೆ, ನೀರಿಗೆ ಹತ್ತಿರ. ಇದಲ್ಲ."

"ನನಗೆ ಆರಿ ಹತ್ತಿದ ಹಾಗೆ ಕಂಡಿತ್ತು," ಅನ್ನುತ್ತಿದ್ದೆ ನಾನು. "ಇಲ್ಲಿ ಗಾಳಿ ಬರೋ ಸಂದೇ ಇಲ್ವಲ್ಲ, ಹೇಗೆ ಆರುತ್ತೆ?"

ಆಮೇಲೆ ಇಬ್ಬರೂ ಅವನನ್ನು ನೋಡುತ್ತಿದ್ದೆವು, ಮೊದಲು ಕಂಡವನು ಅವನಲ್ಲವೇ. ಅವನು ಬಹಳ ಹೊತ್ತು ನೋಡಿ, "ಅಲ್ಲ. ಇನ್ನೂ ಮೇಲಿತ್ತು. ಬೆಳ್ಳಗಿತ್ತು," ಅನ್ನುತ್ತಿದ್ದ. ಇನ್ನೊಂದು ಕಡೆ ಮೇಲೆಯೇ ಬೆಳ್ಳಗೇ ಇದ್ದರೂ, "ಇದಾ? ಇಲ್ಲಪ್ಪ," ಅನ್ನುತ್ತಿದ್ದ.

ಎರಡನೇ ಬೇಸಗೆಯಲ್ಲಿ ಒಬ್ಬ ಸ್ವೀಡನ್ ಮೇಷ್ಟ್ರು, ಅವನ ಹೆಂಡತಿ ಧಕ್ಕೆಯಲ್ಲಿ ನಿಂತು ನಾವೂ ಬರಬಹುದೇ ಅಂತ ಕೈಸನ್ನೆಯಲ್ಲಿ ಕೇಳಿದರು. ಜಾಗ ಇತ್ತು, ಬನ್ನಿ ಅಂದ. ಮುಂದಿನ ವಾರ ಅವರು ಇನ್ನು ನಾಲ್ವರನ್ನು ಕರೆತಂದರು. ಹಾಗೆ ಬೆಳೆಯಿತು. ಶಾಲೆಯ ಮೇಷ್ಟ್ರು ಒಂದು ಹಲಗೆಗೆ "ಅರ್ಕಿ, ಮರಾಥಿ, ಸಂಜೆಗೆ ವಾಪಸ್" ಅಂತ ಬರೆದುಕೊಟ್ಟರು. ಬಂದವರಿಗೆ ಮಾತ್ರ ಏನು ನಡೆಯುತ್ತಿದೆ ಅಂತ ತಿಳಿಯುತ್ತಿರಲಿಲ್ಲ. ಈಜುವುದಕ್ಕೆ ಅಂತ ಬಂದವರು, ಹಾಲಿನಂಥ ಮರಳಿನ ದಡ ಕಣ್ಣೆದುರಿಗೇ ಹಾದುಹೋಗುತ್ತಿದ್ದರೆ ಕೈ ತೋರಿಸಿ ಕೂಗುತ್ತಿದ್ದರು, ಥೆಮೆಲಿಸ್ ಹೂಂ ಹೂಂ ಅಂದು ಕಲ್ಲುಮುಳ್ಳಿನ ಗುಡ್ಡದ ಬುಡಕ್ಕೆ ಲಂಗರು ಹಾಕುತ್ತಿದ್ದ. ಅವರು ಬರಿಗಾಲಲ್ಲಿ ಗುಡ್ಡ ಹತ್ತಿ, ಅಂಗೈಯಗಲದ ಇಗರ್ಜಿಯ ಮುಂದೆ ಬೆವರು ಒರೆಸಿಕೊಂಡು ನಿಲ್ಲುತ್ತಿದ್ದರು. ಅಲ್ಲಿ ನಾವು ಮೂವರು ಕಿಟಕಿಯ ಎತ್ತರಕ್ಕೆ ಜಗಳ ಆಡುತ್ತಿದ್ದೆವು. ಇದೇನೋ ಈ ಊರಿನ ಆಚಾರ ಇರಬೇಕು ಅಂತ ಅವರೂ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಒಬ್ಬ ಹಾಲೆಂಡಿನವನು ನಮ್ಮ ಕಥೆ ಯಾರಿಂದಲೋ ಕೇಳಿ ತಿಳಿದು ನಕ್ಷೆ ಬರೆದು ತಂದ, ಗಾಳಿ ಎಷ್ಟು, ಗಂಟೆ ಎಷ್ಟು ಅಂತ ಗೆರೆ ಎಳೆದು ತೋರಿಸಿದ. ಅವನ ಗೆರೆಯ ಪ್ರಕಾರ ಹೆರಿಗೆ ನಮ್ಮೂರ ಕತ್ತೆ ಕಟ್ಟುವ ಬಯಲಲ್ಲಿ ಆಗಿತ್ತು.

ನನಗೆ ಆಗಲೇ ಅನುಮಾನ ಬರಬೇಕಿತ್ತು. ದೀಪ ಹುಡುಕುವವನು ಸಿಕ್ಕದಿದ್ದರೆ ಬೇಜಾರು ಮಾಡಿಕೊಳ್ಳಬೇಕು. ಥೆಮೆಲಿಸ್ "ಅಲ್ಲ" ಅಂದ ಮೇಲೆ ಹಗುರಾಗುತ್ತಿದ್ದ. ಇಳಿಯುವಾಗ ಪಾಪುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಹತ್ತುವಾಗ ಮುಖ ನೋಡಲಾಗುತ್ತಿರಲಿಲ್ಲ.

ಪಾಪುವಿಗೆ ಆರು ವರ್ಷ ತುಂಬಿತು. ಸೆಪ್ಟೆಂಬರಿಗೆ ಶಾಲೆ. ಮೇಷ್ಟ್ರು ಖಂಡಿತವಾಗಿ ಹೇಳಿದರು: "ಹಾಜರಿ ಪುಸ್ತಕದಲ್ಲಿ ಪಾಪು ಅಂತ ಬರೆಯೋಕ್ಕಾಗಲ್ಲ ಥೆಮೆಲಿಸ್. ಹೆಸರು ತಗೊಂಡು ಬಾ, ಸೇರಿಸ್ಕೋತೀನಿ." ಮಕ್ಕಳು ಆಗಲೇ ಅವಳನ್ನು ಬೀದಿಯಲ್ಲಿ "ಹೆಸರಿಲ್ಲದವಳೇ" ಅಂತ ಕರೆಯತೊಡಗಿದ್ದರು. ಒಂದು ದಿನ ಅವಳು ಅಳುತ್ತಾ ಬಂದು ತಾಯಿಯನ್ನು ಕೇಳಿದಳು, "ನನ್ನ ಹೆಸರು ಕಳೆದುಹೋಗಿದ್ದು ನಿನ್ನ ಕೈಯಿಂದಲೋ ಅಪ್ಪನ ಕೈಯಿಂದಲೋ?" ಅನೆಜೀನಾ ಆವತ್ತು ಊಟ ಮಾಡಲಿಲ್ಲ.

ಆಗಸ್ಟ್ ಹದಿನೈದರ ದೇವಮಾತೆಯ ಹಬ್ಬ ಕಳೆದ ಭಾನುವಾರ. ದೋಣಿಯಲ್ಲಿ ಏಳೆಂಟು ಪ್ರವಾಸಿಗಳು, ನಾವು ನಾಲ್ವರು. ಅರ್ಕಿ ದಾಟುವಾಗ ಬಡಗಣ ಗಾಳಿ ಬಿರುಸಾಯಿತು. ಥೆಮೆಲಿಸ್ ಹತ್ತಿರ ಸಿಕ್ಕಿದ ಒಂದು ನಡುಗಡ್ಡೆಯ ಮರೆಗೆ ದೋಣಿ ತಂದ. ಆಡಿನ ನಡುಗಡ್ಡೆ ಅನ್ನುತ್ತೇವೆ ಅದನ್ನು. ಅಲ್ಲಿ ಇಗರ್ಜಿ ಇಲ್ಲ, ಆದ್ದರಿಂದ ನಾವು ಒಮ್ಮೆಯೂ ಇಳಿದಿರಲಿಲ್ಲ. ಒಂದು ಕಲ್ಲಿನ ದೊಡ್ಡಿ, ಒಂದು ಗುಡಿಸಲು. ಗುಡಿಸಲಿಂದ ಒಬ್ಬ ಮುದುಕಿ ದೊಣ್ಣೆ ಹಿಡಿದು ಬಂದಳು. ಅವಳು ಜಾಂಬೆತಾ ಅಂತ, ಅರ್ಕಿಯವಳು, ವರ್ಷವೆಲ್ಲ ಆಡುಗಳ ಜೊತೆ ಅಲ್ಲೇ ಇರುವವಳು. ಹೆಸರು ಕೇಳಿದ್ದೆ, ನೋಡಿದ್ದು ಅದೇ ಮೊದಲು.

"ಯಾರದು? ಇಷ್ಟು ಜನ ಬೆತ್ತಲೆ ಕಾಲಲ್ಲಿ ಬಂದರೆ ನನ್ನ ಆಡು ಹಾಲು ಬಿಡ್ತವಾ?"

"ಗಾಳಿಗೆ ನಿಂತೆವು ಅಜ್ಜಿ," ಅಂದ ಥೆಮೆಲಿಸ್.

"ಗಾಳಿ ಅಂತೆ. ಬನ್ನಿ, ನೆರಳಿಗೆ ಬನ್ನಿ. ಚೀಸ್ ಇದೆ, ರೊಟ್ಟಿ ನಿಮ್ಮದೇ ತೆಗೀರಿ. ಏನೇ ಪುಟ್ಟಿ, ಹೆಸರೇನು ನಿಂದು?"

ಪಾಪು ತಾಯಿಯ ಹಿಂದೆ ಅಡಗಿದಳು. ಯಾರೂ ಉತ್ತರ ಕೊಡದ್ದಕ್ಕೆ ನಾನು ಮೊದಲಿನಿಂದ ಹೇಳಿದೆ, ತೆಂಕಣ ಗಾಳಿ, ಇಂಜಿನ್, ನೀಲಿ ಮಗು, ದೀಪ, ಹರಕೆ. ಜಾಂಬೆತಾ ಚೀಸ್ ಕೊಯ್ಯುವುದನ್ನು ನಿಲ್ಲಿಸಿದಳು.

"ಹರಾಲಾಂಬೊಸ್ ಹಬ್ಬದ ಹಿಂದಿನ ಸಂಜೆಯಾ? ಅವತ್ತು ನನ್ನ ಕಪ್ಪು ಆಡು ಮರಿ ಹಾಕ್ತಿತ್ತು. ಈ ಗೋಡೆ ಮೇಲೆ ಲಾಟೀನು ಇಟ್ಟಿದ್ದೆ. ಸಮುದ್ರದ ಕಡೆಯಿಂದ ಹೆಂಗಸು ಅರಚಿದ ಹಾಗೆ ಕೇಳಿಸ್ತು. ದೆವ್ವ ಅಂತ ಹೆದರಿ ಲಾಟೀನು ಊದಿಬಿಟ್ಟೆ. ಆಮೇಲೆ ಕತ್ತಲಲ್ಲಿ ಇನ್ನೂ ಹೆದರಿಕೆ ಆಯ್ತು, ಮತ್ತೆ ಹಚ್ಚಿದೆ."

"ಆರಿ ಹತ್ತಿದ್ದು!" ಅಂದೆ. "ನಾನು ಆರು ವರ್ಷದಿಂದ ಬಡ್ಕೊಂಡೆನಲ್ಲ!"

ಅನೆಜೀನಾ ಆ ಗೋಡೆಯನ್ನು ನೋಡಿದಳು. ಆಡಿನ ಹಿಕ್ಕೆ, ಮುಳ್ಳಿನ ಬೇಲಿ, ಹರಿದ ಬಲೆ. ಸಂತಳ ಮನೆ ಅಂತ ಆರು ವರ್ಷ ಹುಡುಕಿದ್ದು ಇದೇನಾ ಅನ್ನುವ ಮುಖ. ಗಂಡನ ಕಡೆ ತಿರುಗಿದಳು.

"ಇದೇನಾ?"

ಅವನು "ಅಲ್ಲ" ಅನ್ನಲಿಲ್ಲ.

"ನಿನ್ನನ್ನೇ ಕೇಳ್ತಿರೋದು. ಇದೇನಾ ನೀನು ಕಂಡಿದ್ದು?"

"ನಿನಗೆ ಕೆಂಪು ಕಿಟಕಿ ಅಲ್ವಾ ಕಂಡಿದ್ದು?" ಅಂದ ಅವನು.

"ನನಗೇನೂ ಕಂಡಿರಲಿಲ್ಲ!" ಅನೆಜೀನಾಳ ದನಿ ಏರಿತು. "ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ನೀನು ದೀಪ ಅಂದೆ, ನಾನು ಹರಕೆ ಹೊತ್ತೆ. ಆಮೇಲೆ ಎಲ್ಲರೂ ಹೇಗಿತ್ತು ಹೇಗಿತ್ತು ಅಂತ ಕೇಳಿ ಕೇಳಿ ಕಿಟಕಿ ತಾನಾಗೇ ಬಂದುಬಿಡ್ತು. ಕಂಡವನು ನೀನು. ಹೇಳು."

ಥೆಮೆಲಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇಗರ್ಜಿಯೊಳಗೆ ಹೋಗುವಾಗ ಮಾತ್ರ ಹಾಗೆ ತೆಗೆಯುವವನು.

"ನಾನೂ ಕಂಡಿರಲಿಲ್ಲ," ಅಂದ.

ಒಬ್ಬ ಜರ್ಮನ್ ಹೆಂಗಸು ನಾವು ಪ್ರಾರ್ಥನೆ ಮಾಡುತ್ತಿದ್ದೇವೆ ಅಂದುಕೊಂಡು ಫೋಟೋ ತೆಗೆದಳು.

"ಮತ್ತೆ ಯಾಕೆ ಕೂಗಿದೆ?"

"ನೀನು ಸತ್ತೆ ಸತ್ತೆ ಅಂತಿದ್ದೆ. ಏನಾದರೂ ಒಂದು ಹೇಳಬೇಕಿತ್ತು. ದಡ ಹತ್ತಿರ ಇದೆ ಅಂದರೆ ಧೈರ್ಯ ಬರುತ್ತೆ ಅಂತ. ನೀನು ಹರಕೆ ಹೊತ್ತುಬಿಡ್ತೀಯ ಅಂತ ನನಗೇನೇ ಗೊತ್ತು?"

"ಆರು ವರ್ಷ! ಆರು ವರ್ಷ ನನ್ನ ಗುಡ್ಡ ಹತ್ತಿಸಿದೆ! ಮೊದಲನೇ ಇಗರ್ಜಿಲೇ ಹೌದು ಅಂದಿದ್ದರೆ ಮುಗೀತಿತ್ತು, ಮಗುಗೆ ಹೆಸರಾದರೂ ಇರ್ತಿತ್ತು!"

"ಬಾಯಿಗೆ ಬರ್ತಿತ್ತು. ಪ್ರತಿ ಸಲ ಹತ್ತುವಾಗ ಇವತ್ತು ಹೌದು ಅಂದುಬಿಡ್ತೀನಿ ಅಂದುಕೊಳ್ತಿದ್ದೆ," ಅಂದ. ಅವನು ಅಷ್ಟು ಮಾತಾಡಿದ್ದು ನಾನು ಕೇಳಿದ್ದೇ ಇಲ್ಲ. "ಆದರೆ ನನ್ನ ಸುಳ್ಳನ್ನ ಅವಳು ಸಾಯೋವರೆಗೂ ಹೆಸರು ಅಂತ ಹೊತ್ತುಕೊಂಡು ತಿರುಗಬೇಕಾ? ನನಗೆ ಕಾಣದಿದ್ದರೇನು, ನೀವಿಬ್ಬರೂ ಕಂಡಿದ್ದೀರಿ ಅಂದುಕೊಂಡಿದ್ದೆ. ನೀನು ಕಿಟಕಿ ಅಂದೆ, ಅಕ್ಕ ಆರಿ ಹತ್ತಿತು ಅಂದಳು. ಹಾಗಾದರೆ ಎಲ್ಲೋ ನಿಜವಾಗಿ ಒಂದು ದೀಪ ಇತ್ತು, ನಾನು ಸುಳ್ಳು ಕೂಗಿದರೂ ಇತ್ತು, ಅದು ಸಿಗಲಿ ಅಂತ ಕಾದೆ."

ಅನೆಜೀನಾ ಕೈಯಲ್ಲಿದ್ದ ರೊಟ್ಟಿಯನ್ನು ಅವನ ಎದೆಗೆ ಎಸೆದಳು. ಎಸೆದು ದೊಡ್ಡಿಯ ಗೋಡೆಗೆ ಒರಗಿ ಕೂತಳು. ಜಾಂಬೆತಾ ಬಿದ್ದ ರೊಟ್ಟಿ ಎತ್ತಿ ಧೂಳು ಒರೆಸಿ ತಾನೇ ತಿಂದಳು.

"ಅಯ್ಯೋ, ಕಂಡವಳು ಒಬ್ಬಳಿದ್ದಾಳಲ್ಲ," ಅಂದಳು ನನ್ನ ಕಡೆ ದೊಣ್ಣೆ ತೋರಿಸಿ. "ಹಚ್ಚಿದವಳು ನಾನಿದ್ದೀನಿ. ದೀಪ ಯಾರದೋ ಅವರ ಹೆಸರು ಅಂತ ತಾನೇ ನಿನ್ನ ಮಾತು? ಸಂತರ ಹೆಸರು ಅಂತ ಅಂದಿದ್ದೆಯಾ?"

ಅನೆಜೀನಾ ಯೋಚಿಸಿದಳು. "ಇಲ್ಲ. ಯಾರದೋ ಅಂದಿದ್ದೆ."

"ಹಾಗಾದರೆ ಇನ್ನೇನು? ಚೆನ್ನಾಗಿಲ್ಲ ನನ್ನ ಹೆಸರು, ಅದು ನಂಗೂ ಗೊತ್ತು."

ಸೆಪ್ಟೆಂಬರಿನ ಮೊದಲ ಭಾನುವಾರ ಪಾದ್ರಿ ನಿಕೀತಾಸ್ ಜ್ಞಾನಸ್ನಾನದ ತಾಮ್ರದ ಹಂಡೆಯನ್ನು ಥೆಮೆಲಿಸ್‌ನ ದೋಣಿಯಲ್ಲಿ ಇಡಿಸಿಕೊಂಡು ಆಡಿನ ನಡುಗಡ್ಡೆಗೆ ಬಂದರು. ದೊಡ್ಡಿಯಲ್ಲಿ ಮಾಡುವುದಿಲ್ಲ ಅಂತ ಮೊದಲು ಹಟ ಹಿಡಿದಿದ್ದರು. ಬೆತ್ಲೆಹೇಮಿನಲ್ಲಿ ಕೊಟ್ಟಿಗೆ ಆಗುತ್ತಿತ್ತು, ಇಲ್ಲಿ ಯಾಕೆ ಆಗಬಾರದು ಅಂತ ಅನೆಜೀನಾ ಕೇಳಿದ ಮೇಲೆ ಹಂಡೆ ಎತ್ತಿಸಿದರು. ಆರು ವರ್ಷದ ಹುಡುಗಿ ಹಂಡೆಯಲ್ಲಿ ಹಿಡಿಸಲಿಲ್ಲ, ಮೊಣಕಾಲು ಮಡಿಸಿ ಕೂರಿಸಬೇಕಾಯಿತು. ಪಾದ್ರಿಗಳು ಹೆಸರು ಕೇಳಿದರು. ಹೆಸರಿಡುವ ತಾಯಿಯಾಗಿ ನಿಂತ ಜಾಂಬೆತಾ ತನ್ನದೇ ಹೆಸರನ್ನು ಮೆಲ್ಲಗೆ, ನಾಚಿಕೊಂಡವಳ ಹಾಗೆ ಹೇಳಿದಳು. ಫೊತಿನಿ ಬಂದಿದ್ದಳು, ಕಸೂತಿಯ ಹೊದಿಕೆಯನ್ನೂ ತಂದಿದ್ದಳು. ಮಗುವನ್ನು ಹಂಡೆಯಿಂದ ಎತ್ತಿದಾಗ ಅದರಲ್ಲೇ ಒರೆಸಿದಳು.

"ಆಡಿನವಳ ಹೆಸರು, ನನ್ನ ಬಟ್ಟೆ," ಅಂದಳು. "ಇರಲಿ. ಹರಾಲಾಂಬಿಯಾಗಿಂತ ವಾಸಿ."

ಎಲ್ಲರೂ ದೋಣಿ ಹತ್ತುವಾಗ ನಾನು ಜಾಂಬೆತಾಳನ್ನು ಪಕ್ಕಕ್ಕೆ ಕರೆದೆ. ಹದಿನೈದು ದಿನದಿಂದ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಆರು ವರ್ಷ ನಾನು ಅರ್ಕಿಯ ಧಕ್ಕೆಯಲ್ಲಿ, ಮರಾಥಿಯಲ್ಲಿ, ಸಿಕ್ಕಿದವರಿಗೆಲ್ಲ ಈ ಕಥೆ ಹೇಳಿದ್ದೆ, ಆರಿ ಹತ್ತಿದ ದೀಪದ ಸಮೇತ. ಅವಳ ಊರೇ ಅರ್ಕಿ.

"ನಿಜ ಹೇಳು. ನಮ್ಮ ಕಥೆ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು. ಚೀಸ್ ಕೊಡೋಕೆ ಹೋದಾಗೆಲ್ಲ ಅದೇ ಮಾತು."

"ಹಾಗಾದರೆ ಲಾಟೀನು?"

"ಲಾಟೀನು ಇಟ್ಟಿದ್ದೆ. ಫೆಬ್ರುವರಿಯಲ್ಲಿ ದಿನಾ ಇಡ್ತೀನಿ. ಊದಿದ್ದು ಅವತ್ತೋ, ಇನ್ನೊಂದು ದಿನವೋ... ಆರು ವರ್ಷ ಆಯ್ತಲ್ಲ. ನೀನು ಹೇಳ್ತಾ ಹೋದೆ, ನನಗೆ ನೆನಪು ಬರ್ತಾ ಹೋಯ್ತು." ಅವಳು ನನ್ನನ್ನು ದಿಟ್ಟಿಸಿದಳು. "ನೀನು? ನೀನು ಖಂಡಿತ ಕಂಡಿದ್ದೆಯಾ?"

ಕಂಡಿದ್ದೆ ಅಂದೆ. ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಆದರೆ ಅನೆಜೀನಾಗೂ ಕಿಟಕಿ ಹಾಗೆಯೇ ಕಾಣುತ್ತಿತ್ತಲ್ಲ. ಅಂದು ಥೆಮೆಲಿಸ್ ಕೂಗದೇ ಇದ್ದಿದ್ದರೆ ನಾನು ತಲೆ ಎತ್ತುತ್ತಿದ್ದೆನೇ? ಈ ಪ್ರಶ್ನೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹುಡುಗಿ ಆಗಲೇ ಹೊಸ ಹೆಸರನ್ನು ದೋಣಿಯ ಹಲಗೆಯ ಮೇಲೆ ಬೆರಳಲ್ಲಿ ನೀರದ್ದಿ ಬರೆಯುವುದು ಕಲಿಯುತ್ತಿದ್ದಳು, ಅರ್ಧ ಬರೆಯುವಷ್ಟರಲ್ಲಿ ಬಿಸಿಲಿಗೆ ಮೊದಲರ್ಧ ಒಣಗುತ್ತಿತ್ತು.

ಮುಂದಿನ ಭಾನುವಾರ ಧಕ್ಕೆಯಲ್ಲಿ ಹನ್ನೆರಡು ಜನ ಪ್ರವಾಸಿಗಳು ದೋಣಿ ಹತ್ತಿ ಕೂತಿದ್ದರು. ಥೆಮೆಲಿಸ್ ಇಂಜಿನ್ ಶುರು ಮಾಡಿದ, ಹಗ್ಗದ ಎರಡೂ ಗಂಟು ಬಿಚ್ಚಿದ, ಚುಕ್ಕಾಣಿ ಹಿಡಿದು ಹಾಗೇ ನಿಂತ.

"ಈಗ ಎಲ್ಲಿಗೆ ಹೋಗೋದಕ್ಕಾ?" ಅಂದ.

ನನಗೂ ಹೊಳೆಯಲಿಲ್ಲ. ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ. ಪ್ರವಾಸಿಗಳು ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ಅನೆಜೀನಾ ಅವನು ನಿಜ ಹೇಳಿದ ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದಳು, ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದಳು. ಅವಳು ಧಕ್ಕೆಯ ಮೇಲೆ ಬುತ್ತಿಯ ಬುಟ್ಟಿ ಹಿಡಿದು ನಿಂತಿದ್ದಳು, ಕೊಟ್ಟು ಹೋಗಲು ಬಂದವಳು. ದೋಣಿ ಅಲ್ಲಾಡುತ್ತಾ ನಿಂತೇ ಇತ್ತು. ಕೊನೆಗೆ ಅವಳು ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು ಒಳಗೆ ಹಾರಿ ನನ್ನ ಪಕ್ಕ ಕೂತಳು.

"ಮರಾಥಿಗೆ ನಡಿ," ಅಂದಳು, ಅವನನ್ನು ನೋಡದೆ. "ಆರು ವರ್ಷ ಇಗರ್ಜಿ ಬಾಗಿಲು ನೋಡಿದ್ದೇ ಆಯ್ತು. ಅಲ್ಲಿಯ ಮರಳಿಗೆ ಒಂದು ಸಲವೂ ಕಾಲಿಟ್ಟಿಲ್ಲ ನಾನು."

"ನೋಡೋಣ," ಅಂದ ಥೆಮೆಲಿಸ್. ಬಾಯಿತಪ್ಪಿ ಅಂದವನು ತಕ್ಷಣ, "ಆಯ್ತು, ಆಯ್ತು, ಮರಾಥಿಗೇ," ಅಂದು ದೋಣಿ ತಿರುಗಿಸಿದ.